ಒರಿಜಿನಲ್ ಅಲ್ಲದ್ದು

ಚಳ್ಳಕೆರೆ
9 ಜೂನ್ 2025

ಚಿ. ಸ್ವಪ್ನಳಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಅವ್ವನೂ ಇದ್ದೇವೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ‘ಊಟ ಆಯ್ತಾ’ ಅಂತ ನಾನು ಕೇಳುತ್ತೇನೆ, ‘ಆಯ್ತು’ ಅಂತ ನೀನು ಹೇಳುತ್ತೀಯ, ಆಮೇಲೆ ಇಬ್ಬರೂ ಬಳ್ಳಾರಿ ಬಸ್ಸುಗಳ ಹಾರನ್ ಕೇಳುತ್ತ ಇರುತ್ತೇವೆ. ಹೇಗಿದ್ದರೂ ಕಾಗದಪತ್ರ ಅಂಚೆಯಲ್ಲೇ ಬರಬೇಕು. ಅದಕ್ಕೆ ನಿನ್ನ ಸಹಿ ಬೇಕು.

ಮಸ್ಟಾಂಗ್ ಕಾರನ್ನು ಕೊಟ್ಟುಬಿಡೋಣ ಅಂತಿದ್ದೇನೆ. ಹೊಸೂರಿನಿಂದ ಮುರುಗೇಶ್ ಅಂತ ಒಬ್ಬರು ಬಂದಿದ್ದರು. ನಲವತ್ತೈದು ವಯಸ್ಸಿರಬಹುದು. ಹಳೆಯ ಕಾರುಗಳನ್ನು ಇಟ್ಟುಕೊಂಡಿದ್ದಾರೆ, ಓಡಿಸಲಿಕ್ಕೆ, ಮಾರಲಿಕ್ಕಲ್ಲ. ಯಾರೋ ಟ್ರ್ಯಾಕ್ಟರ್ ಸ್ಪೇರ್ಸಿನವರು ಹೇಳಿದರಂತೆ, ಚಳ್ಳಕೆರೆಯಲ್ಲಿ ಕಾಮಣ್ಣನ ಗ್ಯಾರೇಜಿನ ಹಿಂದೆ 1969ರ ಅಮೆರಿಕದ ಗಾಡಿ ನಿಂತಿದೆ ಅಂತ. ಬಿಳಿ ಅಂಗಿ ಹಾಕಿಕೊಂಡೇ ಅದರ ಕೆಳಗೆ ಮಲಗಿ ಒಂದು ಗಂಟೆ ನೋಡಿದರು.

ನಮ್ಮ ಕೈಗೆ ಹೇಗೆ ಬಂತು ಅಂತ ಕೇಳಿದರು. ಎಣ್ಣೆ ಮಿಲ್ಲಿನ ಸಾಹುಕಾರರು ಮದ್ರಾಸಿನಲ್ಲಿ ಹರಾಜಿನಲ್ಲಿ ತಂದಿದ್ದು, ಕೆಟ್ಟು ನಿಂತ ಮೇಲೆ ಇಪ್ಪತ್ತೆಂಟು ವರ್ಷ ಶೇಂಗಾ ಸಿಪ್ಪೆಯ ಗೋಡೌನಿನಲ್ಲೇ ಬಿದ್ದಿದ್ದು, ಮಿಲ್ಲು ಮುಚ್ಚಿದಾಗ ಅವರ ಮಗ ‘ಜಾಗ ಖಾಲಿ ಆದ್ರೆ ಸಾಕು, ಎಳ್ಕಂಡು ಹೋಗು’ ಅಂದದ್ದು, ನಾನೂ ನನ್ನ ಮಗಳೂ ಸೇರಿ ಒಂಬತ್ತು ವರ್ಷ ಅದನ್ನು ಎಬ್ಬಿಸಿದ್ದು, ಎಲ್ಲ ಹೇಳಿದೆ. ‘ಮಗಳಾ?’ ಅಂತ ಮತ್ತೆ ಕೇಳಿದರು. ‘ಹೌದು, ಆರ್‌ಸಿ ಕೂಡ ಆಕೆ ಹೆಸರಲ್ಲೇ ಐತೆ’ ಅಂದೆ.

ಆಮೇಲೆ ಅವರು ಕೇಳಿದ್ದು ಇದು: “ಅಣ್ಣಾ, ಇದರಲ್ಲಿ ಒರಿಜಿನಲ್ ಎಷ್ಟು, ನೀವು ಹಾಕಿದ್ದು ಎಷ್ಟು?”

“ಅರ್ಧ ಅರ್ಧ,” ಅಂದೆ.

“ಅರ್ಧ ಅಂದ್ರೆ ಆಗಲ್ಲ ಅಣ್ಣಾ. ಒಂದೊಂದೂ ಬರೆದು ಕೊಡಿ. ಒರಿಜಿನಲ್ ಇಲ್ದಿದ್ರೂ ಪರವಾಗಿಲ್ಲ, ಸುಳ್ಳು ಇರಬಾರ್ದು.”

ನೀನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಡುತ್ತಿದ್ದೆ. ಹುಡುಕಿದೆ, ಇಲ್ಲಿಲ್ಲ. ನೀನೇ ಒಯ್ದಿರಬೇಕು. ಆ ಪಟ್ಟಿ ಬರೆದು ಕಳಿಸು. ಮಾರುವ ಫಾರಂಗಳನ್ನು ಆಮೇಲೆ ಕಳಿಸುತ್ತೇನೆ.

ಯಾಕೆ ಈಗ ಅಂತ ನೀನು ಕೇಳಬಹುದು. ಕೇಳುವವರು ಬಂದರು, ಅಷ್ಟೇ. ನಿನ್ನ ತಮ್ಮ ಲೋಹಿತ ಹೋದ ಮೇಲೆ ಅದನ್ನು ಯಾರೂ ರಸ್ತೆಗೆ ಇಳಿಸಿಲ್ಲ. ನಿನ್ನ ಅವ್ವ ಈ ಆರು ವರ್ಷ ಶೆಡ್ಡಿನ ಕಡೆ ಬಂದೇ ಇಲ್ಲ. ಒಣಗಿದ ಬಟ್ಟೆ ತರಬೇಕಾದರೂ ಮನೆಯ ಆ ಕಡೆಯಿಂದ ಸುತ್ತಿ ಬರುತ್ತಾಳೆ.

ನಿನ್ನ ಕೆಲಸ ಹೇಗಿದೆ, ಬರೆ.

ಇಂತಿ ನಿನ್ನ ಅಪ್ಪ
ಕಾಮಣ್ಣ


ಬಳ್ಳಾರಿ
21 ಜೂನ್ 2025

ಅಪ್ಪನಿಗೆ,

ನಿಮ್ಮ ಪತ್ರ ಬಂತು. ನೋಟ್‌ಬುಕ್ ನನ್ನ ಹತ್ತಿರ ಇದೆ. ಬರೆದಿದ್ದನ್ನು ಹಾಗೇ ನಕಲು ಮಾಡುತ್ತಿದ್ದೇನೆ, ನೀವು ಬೇಕಾದ ಹಾಗೆ ಜೋಡಿಸಿಕೊಳ್ಳಿ.

ಚಾಸಿ, ಬಾಡಿ, ಬಾನೆಟ್ಟು, ಡಿಕ್ಕಿ ಒರಿಜಿನಲ್. ಎಂಜಿನ್ ಬ್ಲಾಕ್ ಒರಿಜಿನಲ್, ಎಂಟೂ ಸಿಲಿಂಡರು ಅದರವೇ. ಪಿಸ್ಟನ್ ರಿಂಗು ಕೊಯಮತ್ತೂರಿನಲ್ಲಿ ಮಾಡಿಸಿದ್ದು. ಕಾರ್ಬುರೇಟರ್ ಜೀಪಿನದು. ರೇಡಿಯೇಟರ್ ಟ್ರ್ಯಾಕ್ಟರಿನದು, ಕತ್ತರಿಸಿ ಕೂರಿಸಿದ್ದು. ಗೇರ್‌ಬಾಕ್ಸ್ ಒರಿಜಿನಲ್, ಎರಡನೇ ಗೇರಿನ ಹಲ್ಲು ಹೊಸದು. ಸ್ಟೀರಿಂಗ್ ಎಡಗಡೆ, ಒರಿಜಿನಲ್, ಯಾರೂ ಬದಲಾಯಿಸಿಲ್ಲ. ಮೈಲಿಯ ಮೀಟರ್ ಒರಿಜಿನಲ್, ಆದರೆ ಮುಳ್ಳು ನಲವತ್ತರ ಮೇಲೆ ಏಳುವುದಿಲ್ಲ. ಹಿಂದಿನ ಕೆಂಪು ದೀಪಗಳಲ್ಲಿ ಎಡಗಡೆಯವು ಒರಿಜಿನಲ್, ಬಲಗಡೆಯವು ನಾನು ಅಚ್ಚು ಹಾಕಿ ಮಾಡಿದ್ದು. ಮೊದಲಿನ ಬಣ್ಣ ಕಡುಹಸಿರು, ಈಗಿನದು ನಿಮ್ಮದು. ಸೀಟಿನ ಚೌಕಟ್ಟು ಒರಿಜಿನಲ್, ಹೊದಿಕೆ ಮೊಳಕಾಲ್ಮೂರಿನ ಯರ್ರಪ್ಪನವರು ಹೊಲಿದಿದ್ದು. ಮಗ್ಗ ಬಿಟ್ಟು ಸೀಟು ಹೊಲಿಯಲು ಕೂತ ಮೇಲೆ ಅವರಿಗೆ ಸಿಕ್ಕ ಮೊದಲನೇ ಕಾರು ಅದು ಅಂತಲೂ ಬರೆದಿದ್ದೇನೆ.

ಬಾಗಿಲು ಎರಡೂ ಒರಿಜಿನಲ್ ಅಂತ ಇದೆ. ಅದು 2018ರಲ್ಲಿ ಬರೆದಿದ್ದು. ಬಲಗಡೆಯದು ಈಗ ಏನಾಗಿದೆ ಅಂತ ನನಗೆ ಗೊತ್ತಿಲ್ಲ.

ಬ್ರೇಕಿನ ಪುಟ ಖಾಲಿ ಇದೆ. ಆ ಕೆಲಸ ನೀವೊಬ್ಬರೇ ಮಾಡಿದ್ದು. ನಾನು ಆಗ ಹದಿನೈದು ದಿನ ಪರೀಕ್ಷೆಗೆ ದಾವಣಗೆರೆಗೆ ಹೋಗಿದ್ದೆ. ಅದನ್ನು ನೀವೇ ಬರೆಯಬೇಕು.

ಕೆಲಸ ಇದೆ. ಜೀನ್ಸ್ ಹೊಲಿಯುವ ನಲವತ್ತು ಮೆಷಿನ್ನು ನನ್ನ ಜವಾಬ್ದಾರಿ. ಯಾವುದಾದರೂ ನಿಂತರೆ ಕರೆಯುತ್ತಾರೆ, ಹೋಗಿ ಸರಿ ಮಾಡುತ್ತೇನೆ.

ಅವ್ವ ಹೇಗಿದ್ದಾಳೆ ಅಂತ ನೀವು ಬರೆದಿಲ್ಲ. ನಾನು ಫೋನ್ ಮಾಡಿದರೆ ತೆಗೆದು ನಿಮ್ಮ ಕೈಗೆ ಕೊಡುತ್ತಾಳೆ.

ಸ್ವಪ್ನ


ಚಳ್ಳಕೆರೆ
30 ಜೂನ್ 2025

ಚಿ. ಸ್ವಪ್ನಳಿಗೆ,

ಪಟ್ಟಿ ತಲುಪಿತು. ಇಷ್ಟೆಲ್ಲ ನನಗೆ ನೆನಪಿರಲಿಲ್ಲ. ನೀಟಾಗಿ ಬರೆದು ಮುರುಗೇಶ್ ಅವರಿಗೆ ಕಳಿಸಿದೆ. ಬ್ರೇಕಿನ ಮುಂದೆ ‘ಸರಿಯಾಗಿದೆ’ ಅಂತ ಬರೆದೆ. ಈಗ ಇರುವುದು ಸರಿಯಾಗಿಯೇ ಇದೆ. ಬಲಗಡೆಯ ಬಾಗಿಲನ್ನು ಹೊಸದಾಗಿ ತಗಡಿನಲ್ಲಿ ಬಡಿದಿದ್ದೇನೆ. ಅದಕ್ಕೆ ಎರಡು ವರ್ಷ ಹಿಡಿಯಿತು. ಸಂದು ಒಂದು ನೂಲಿನಷ್ಟೂ ಕಾಣುವುದಿಲ್ಲ. ಯಾಕೆ ಮಾಡಿದೆ ಅಂತ ಕೇಳಬೇಡ. ಪೊಲೀಸರು ಗಾಡಿ ಬಿಟ್ಟು ಕೊಟ್ಟರು, ತಂದು ನಿಲ್ಲಿಸಿದೆ, ಬೆಳಗಾದರೆ ಕೈಗೆ ಏನಾದರೂ ಬೇಕಿತ್ತು.

ಮುರುಗೇಶ್ ಫೋನ್ ಮಾಡಿ, “ಬಾಗಿಲು ಯಾಕೆ ಬದಲಾಯಿಸಿದ್ರಿ, ಆಕ್ಸಿಡೆಂಟಾ?” ಅಂತ ಕೇಳಿದರು. “ಸಣ್ಣದು, ಉಜ್ಜಿತ್ತು,” ಅಂದೆ. ಗಾಡಿಯಲ್ಲಿ ಮನುಷ್ಯ ಸತ್ತಿದ್ದಾನೆ ಅಂದರೆ ಯಾರೂ ಮನೆಗೆ ಒಯ್ಯುವುದಿಲ್ಲ. ನೀನೂ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಫಾರಂ 29 ಎರಡು ಪ್ರತಿ, ಫಾರಂ 30 ಒಂದು, ಇದರೊಳಗೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು.

ನಿನ್ನ ಅವ್ವ ಚೆನ್ನಾಗಿದ್ದಾಳೆ. ಬೆಳಿಗ್ಗೆ ಪಕ್ಕದ ಕಮಲಾಕ್ಷಮ್ಮ ಟೀಚರ್ ಜೊತೆ ಉಳ್ಳಾರ್ತಿ ರಸ್ತೆಯಲ್ಲಿ ಸ್ವಲ್ಪ ದೂರ ನಡೆಯುತ್ತಾಳೆ. ಡಾಕ್ಟರು ಹೇಳಿದ್ದಾರೆ. ಹುಲ್ಲು ಕಾವಲಿನ ಬೇಲಿಯವರೆಗೆ ಹೋಗಿ ಅಲ್ಲಿಂದ ತಿರುಗುತ್ತಾರೆ.

ಅಪ್ಪ


ಬಳ್ಳಾರಿ
14 ಜುಲೈ 2025

ಅಪ್ಪನಿಗೆ,

ಫಾರಂಗಳನ್ನು ಸಹಿ ಮಾಡದೆ ವಾಪಸ್ ಕಳಿಸುತ್ತಿದ್ದೇನೆ. ಸಿಟ್ಟಿನಿಂದ ಅಲ್ಲ. ಮಾರುವವಳು ನಾನು, ಕಾಗದದ ಪ್ರಕಾರ. ‘ಉಜ್ಜಿತ್ತು’ ಅಂತ ನೀವು ಹೇಳಿದ್ದಕ್ಕೆ ನಾನು ಸಹಿ ಹಾಕಿದ ಹಾಗಾಗುತ್ತದೆ.

ಏನಾಯಿತು ಅಂತ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಪೊಲೀಸರಿಗೆ ಹೇಳಿದೆ, ಅವರು ನಡುವೆ ನಡುವೆ ಬೇರೆ ಪ್ರಶ್ನೆ ಕೇಳುತ್ತಿದ್ದರು. ನೀವು ಕೇಳಲಿಲ್ಲ. ಈಗ ಬರೆಯುತ್ತೇನೆ. ಇದನ್ನು ಅವರಿಗೆ ತೋರಿಸಿ, ಆಮೇಲೂ ಅವರಿಗೆ ಗಾಡಿ ಬೇಕಿದ್ದರೆ ಸಹಿ ಮಾಡುತ್ತೇನೆ.

2019, ಮಾರ್ಚ್ ಹದಿನೇಳು, ಭಾನುವಾರ. ಹಿಂದಿನ ಸೀಟಿನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಯರ್ರಪ್ಪನವರ ಹತ್ತಿರ ಹೋಗಿ ಹಾಕಿಸಿಕೊಂಡು ಬರೋಣ ಅಂತ ಹೊರಟೆವು. ಲೋಹಿತನಿಗೆ ಗಾಡಿಯ ಕೆಲಸ ಬರುತ್ತಿರಲಿಲ್ಲ, ಅದರಲ್ಲಿ ಕೂರುವುದು ಮಾತ್ರ ಬರುತ್ತಿತ್ತು. ಮೊಳಕಾಲ್ಮೂರಿನಲ್ಲಿ ಯರ್ರಪ್ಪನವರು ಹೊಲಿಗೆ ಹಾಕಿದರು. ಅವರ ಮನೆಯವರು ಉಪ್ಪಿಟ್ಟು ಕೊಟ್ಟರು. ‘ಮೀ ನಾಯ್ನ ರಾಲೇದಾ?’ ಅಂತ ಕೇಳಿದರು. ಅಪ್ಪ ಬರಲಿಲ್ಲ, ಟ್ರ್ಯಾಕ್ಟರಿನ ಕೆಳಗಿದ್ದಾರೆ ಅಂತ ಲೋಹಿತ ಹೇಳಿದ.

ವಾಪಸ್ ಬರುವಾಗ, ಕೊಂಡ್ಲಹಳ್ಳಿಗೆ ಇನ್ನೂ ಎರಡು ಕಿಲೋಮೀಟರ್ ಇತ್ತು, ಇಳಿಜಾರು. ಕುರಿಮಂದೆ ಅಡ್ಡ ಬಂತು. ದೂರದಲ್ಲೇ ಇತ್ತು. ನಾನು ಜೋರಾಗಿ ಹೋಗುತ್ತಿರಲಿಲ್ಲ. ಬ್ರೇಕ್ ತುಳಿದೆ. ಪೆಡಲ್ ಮೊದಲು ಹಿಡಿಯಿತು, ಆಮೇಲೆ ಮೆಲ್ಲಗೆ ಕೆಳಗೆ ಹೋಯಿತು, ಕೆಸರಿನಲ್ಲಿ ಕಾಲಿಟ್ಟ ಹಾಗೆ. ಲೋಹಿತ “ಹಿಡಿಯಕ್ಕ,” ಅಂದ. ಹ್ಯಾಂಡ್‌ಬ್ರೇಕ್ ಎಳೆದೆ. ಕುರಿ ಕಾಯುವವನು ಮಂದೆಯ ನಡುವೆ ನಿಂತುಬಿಟ್ಟಿದ್ದ. ಅವನನ್ನು ತಪ್ಪಿಸಲು ಎಡಕ್ಕೆ ಎಳೆದೆ. ಅಲ್ಲಿ ಕಲ್ಲು ತುಂಬಿದ ಟ್ರೇಲರ್ ನಿಂತಿತ್ತು, ಅದೂ ತಪ್ಪಲಿ ಅಂತ ಮತ್ತೆ ಬಲಕ್ಕೆ ತಿರುಗಿಸಿದೆ. ರಸ್ತೆ ದಾಟಿ ಹುಣಸೆಮರಕ್ಕೆ ಬಲಗಡೆ ಹೋಗಿ ಬಡಿಯಿತು. ಎಡಗಡೆ ಸ್ಟೀರಿಂಗಿನ ಗಾಡಿ, ಬಲಗಡೆ ಲೋಹಿತ ಕೂತಿದ್ದ. ನನಗೆ ಏನೂ ಆಗಲಿಲ್ಲ.

ಆರ್‌ಟಿಓ ಇನ್‌ಸ್ಪೆಕ್ಟರು ಬಂದು ಸ್ಟೇಷನ್ ಅಂಗಳದಲ್ಲಿ ಬ್ರೇಕನ್ನು ನಾಲ್ಕು ಸಲ ತುಳಿದು ನೋಡಿದರು. ನಾಲ್ಕು ಸಲವೂ ಗಟ್ಟಿ ನಿಂತಿತು. “ಏನಮ್ಮಾ, ಬ್ರೇಕು ಚೆನ್ನಾಗೈತಲ್ಲ,” ಅಂದರು. ನೀವು ಅಲ್ಲೇ ಇದ್ದಿರಿ. ನಾನು ನಿಮ್ಮ ಮುಖ ನೋಡಿದೆ.

ಆಮೇಲೆ ನನಗೂ ಹಾಗೇ ಅನ್ನಿಸಲು ಶುರುವಾಯಿತು. ಗಾಬರಿಯಲ್ಲಿ ಕ್ಲಚ್ ತುಳಿದಿರಬೇಕು, ಇಲ್ಲ ಅರ್ಧಕ್ಕೇ ಕಾಲು ತೆಗೆದಿರಬೇಕು ಅಂತ. ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ ಅಂತ ಲಾಯರು ಹೇಳಿದರು. ಒಪ್ಪಿಕೊಂಡೆ. ದಂಡ, ಮತ್ತೆ ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆ. ಸಂಜೆ ಐದೂವರೆಗೆ ಕೋರ್ಟು ಎದ್ದಿತು, ನಾನೂ ಎದ್ದೆ.

ಇದಿಷ್ಟು ನಡೆದದ್ದು. ಅವರಿಗೆ ಹೇಳಿ.

ಸ್ವಪ್ನ


ಚಳ್ಳಕೆರೆ
2 ಸೆಪ್ಟೆಂಬರ್ 2025

ಸ್ವಪ್ನ,

ನಿನ್ನ ಪತ್ರಕ್ಕೆ ಏಳು ವಾರ ಉತ್ತರ ಬರೆಯಲಿಲ್ಲ. ಮೂರು ಸಲ ಶುರು ಮಾಡಿ ಹರಿದೆ.

ಮೊನ್ನೆ ಭಾನುವಾರ ಮುರುಗೇಶ್ ಮತ್ತೆ ಬಂದಿದ್ದರು. ಶೆಡ್ಡಿನಲ್ಲಿ ಬೆಂಚಿನ ಮೇಲೆ ಕೂತು ಟೀ ಕುಡಿದೆವು. ಬಾಗಿಲಿನ ಮಾತನ್ನು ಅವರಾಗಿ ಎತ್ತಲಿಲ್ಲ. ನಾನೇ ನಿನ್ನ ಪತ್ರ ತೆಗೆದು ಓದಿದೆ. ಅವರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ನಿಧಾನವಾಗಿ ಓದಿದೆ. ಹುಣಸೆಮರದ ಹತ್ತಿರ ಬಂದಾಗ ನಿಲ್ಲಿಸಿದೆ, ಆಮೇಲೆ ಮತ್ತೆ ಓದಿದೆ.

ಅವರು ಒಂದೇ ಪ್ರಶ್ನೆ ಕೇಳಿದರು. “ಅಣ್ಣಾ, ಬ್ರೇಕ್ ಮಾಸ್ಟರ್ ಸಿಲಿಂಡರ್ ಆಗ ಯಾವುದು ಹಾಕಿದ್ರಿ?”

ಗಾಡಿ ಬಲ್ಲವರು. ಬೇರೆ ಯಾರೂ ಅದನ್ನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂತ ಆರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದೂ ನಿಜವಲ್ಲ.

ಈಗ ನಿನಗೆ ಬರೆಯುತ್ತೇನೆ. ಅಮೆರಿಕದ ಒರಿಜಿನಲ್ ಸಿಲಿಂಡರಿನಲ್ಲಿ ಎರಡು ಕೋಣೆ ಇರುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಗಾಡಿಯನ್ನು ಹಿಡಿಯುತ್ತದೆ. ನಮ್ಮದು ತುಕ್ಕು ತಿಂದು ಹೋಗಿತ್ತು. ನೀನು ದಾವಣಗೆರೆಗೆ ಹೋಗಿದ್ದಾಗ ಬಳ್ಳಾರಿಯ ಗುಜರಿಯಲ್ಲಿ ಯಾವುದೋ ಹಳೆಯ ವ್ಯಾನಿನದು ಸಿಕ್ಕಿತು. ಒಂದೇ ಕೋಣೆಯದು. ಕೂರಿಸಿದೆ, ಕೂತಿತು. ನೀನು ಬಂದ ಮೇಲೆ ತೋರಿಸಲಿಲ್ಲ. ತೋರಿಸಿದ್ದರೆ ನೀನು ಬಿಡುತ್ತಿರಲಿಲ್ಲ, ಒರಿಜಿನಲ್ ಬರುವ ತನಕ ಕಾಯೋಣ ಅನ್ನುತ್ತಿದ್ದೆ. ಒಂಬತ್ತು ವರ್ಷ ಕಾದಾಗಿತ್ತು. ಗಾಡಿ ಓಡುವುದನ್ನು ನೋಡಬೇಕಿತ್ತು ನನಗೆ.

ಅದರ ಒಳಗಿನ ರಬ್ಬರು ಸವೆದಿತ್ತು. ನೀವು ಮೊಳಕಾಲ್ಮೂರಿಗೆ ಹೋದ ವಾರವೇ ಎರಡು ಸಲ ನನ್ನ ಕಾಲಿನ ಕೆಳಗೆ ಪೆಡಲ್ ಇಳಿದಿತ್ತು. ಒಂದು ಸಲ ಇಲ್ಲೇ ಅಂಗಳದಲ್ಲಿ. ಇನ್ನೊಂದು ಸಲ ನಾಯಕನಹಟ್ಟಿ ರಸ್ತೆಯಲ್ಲಿ, ಬಸ್ಸಿನ ಹಿಂದೆ. ಎರಡು ಮೂರು ಸಲ ಪಂಪು ಮಾಡಿದೆ, ಹಿಡಿಯಿತು. ಹೊಸ ರಬ್ಬರು ತರಿಸಲು ಹೇಳಿದ್ದೆ. ಭಾನುವಾರ ಬೆಳಿಗ್ಗೆ ನೀನು ಬಂದು, “ಅಪ್ಪಾ, ಕೀ ಎಲ್ಲಿ? ಮೊಳಕಾಲ್ಮೂರಿಗೆ ಹೋಗ್ಬರ್ತೀವಿ,” ಅಂದೆ. ನಾನು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದೆ. ನಿಮ್ಮಿಬ್ಬರ ಕಾಲು ಮಾತ್ರ ಕಾಣುತ್ತಿತ್ತು. ಹೇಳಬೇಕು ಅಂತ ಬಾಯಿಗೆ ಬಂತು. ಹೇಳಿದರೆ ಎದ್ದು ಬರಬೇಕು, ಆ ಸಿಲಿಂಡರಿನ ಕಥೆಯನ್ನೆಲ್ಲ ನಿನಗೆ ಹೇಳಬೇಕು. “ಗೂಟಕ್ಕೈತೆ, ನಿಧಾನಕ್ಕೆ ಹೋಗ್ರಿ,” ಅಂದೆ. ಅಷ್ಟೇ ಅಂದದ್ದು.

ಅಂಥ ರಬ್ಬರು ಎಲ್ಲ ಸಲವೂ ಕೈಕೊಡುವುದಿಲ್ಲ. ಒಮ್ಮೆಗೇ ಜೋರಾಗಿ ತುಳಿದರೆ ನಿಲ್ಲುತ್ತದೆ, ಒತ್ತಿ ಹಿಡಿದರೆ ಕೆಲವು ಸಲ ಇಳಿಯುತ್ತದೆ. ಇನ್‌ಸ್ಪೆಕ್ಟರು ಜೋರಾಗಿ ತುಳಿದರು. ಒತ್ತಿ ಹಿಡಿಯಿರಿ ಸಾರ್ ಅಂತ ಒಂದು ಮಾತು ನಾನು ಹೇಳಬೇಕಿತ್ತು. ನೀನು ನನ್ನ ಮುಖ ನೋಡಿದ್ದು ನನಗೆ ಗೊತ್ತು. ನಾನು ಅವರ ಬೂಟು ನೋಡುತ್ತಿದ್ದೆ.

ಮೊದಲ ದಿನ ಜೈಲಿಗೆ ಹೋಗುತ್ತೇನೆ ಅಂತ ಹೆದರಿದೆ. ಎರಡನೇ ದಿನ ಮಗನ ಮಣ್ಣು. ಆಮೇಲೆ ನಿನ್ನ ಅವ್ವನ ಮುಖ. ನೀನು ಕೋರ್ಟಿನಲ್ಲಿ ಒಪ್ಪಿಕೊಳ್ಳುವ ದಿನ ಹೇಳೇಬಿಡಬೇಕು ಅಂತ ಹೋದೆ. ಹೊರಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದೆ, ಒಳಗೆ ಬರಲಿಲ್ಲ. ನೀನು ಒಪ್ಪಿಕೊಂಡೆ ಅಂತ ಲಾಯರು ಬಂದು ಹೇಳಿದಾಗ ನನಗೆ ಹಗುರವಾಯಿತು. ಇದನ್ನೂ ಬರೆಯಬೇಕು ಅಂತ ಬರೆಯುತ್ತಿದ್ದೇನೆ. ಹಗುರವಾಯಿತು.

ನಾನು ಹೇಳಿ ಮುಗಿಸಿದ ಮೇಲೆ ಮುರುಗೇಶ್ ಲೋಟವನ್ನು ಕೆಳಗಿಟ್ಟರು. “ಮಗಳಿಗೆ ಗೊತ್ತಾ ಅಣ್ಣಾ?” ಅಂದರು.

“ಇಲ್ಲ.”

“ಹಂಗಾದ್ರೆ ಮೊದ್ಲು ನನಗ್ಯಾಕೆ ಹೇಳ್ತೀರಿ?”

ಅವರು ಹೋಗುವಾಗ, ಗಾಡಿ ಬೇಕು, ಆದರೆ ಅವಸರ ಇಲ್ಲ, ಮಗಳು ಹೇಳಿದ ಮೇಲೆ ಅಂದರು. 

ಕ್ಷಮಿಸು ಅಂತ ಬರೆಯಲು ನನಗೆ ಬಾಯಿಲ್ಲ. ಬ್ರೇಕಿನ ಖಾಲಿ ಪುಟಕ್ಕೆ ಬರೆಯಬೇಕಾದ್ದು ಇದು. ಬರೆದಿದ್ದೇನೆ.

ಕಾಮಣ್ಣ


ಚಳ್ಳಕೆರೆ
28 ಸೆಪ್ಟೆಂಬರ್ 2025

ಸ್ವಪ್ನ,

ನಿನ್ನ ಪತ್ರ ಬಂದಿಲ್ಲ. ಬರಲೇಬೇಕು ಅಂತ ಇದನ್ನು ಬರೆಯುತ್ತಿಲ್ಲ. ಹಿಂದಿನದು ತಲುಪಿದೆಯೋ ಇಲ್ಲವೋ ಅಂತ ಅಂಚೆಯವನನ್ನು ಕೇಳಿದೆ. “ರಿಜಿಸ್ಟ್ರಿ ಮಾಡ್ಬೇಕಿತ್ತು ಕಾಮಣ್ಣ, ಹಿಂಗೆ ಹಾಕಿದ್ರೆ ನಾವೇನು ಹೇಳಾಣ?” ಅಂದ. ತಲುಪಿದ್ದರೆ ಒಂದು ಸಾಲು ಸಾಕು. ಏನೂ ಬರೆಯದೆ ಖಾಲಿ ಕಾಗದ ಮಡಚಿ ಹಾಕಿದರೂ ಆದೀತು.

ಇಲ್ಲಿ ಎರಡು ದಿನ ಮಳೆ ಬಂತು. ಶೇಂಗಾ ಕೀಳುತ್ತಿದ್ದಾರೆ.

ಅಪ್ಪ


ಬಳ್ಳಾರಿ
12 ಅಕ್ಟೋಬರ್ 2025

ಅಪ್ಪನಿಗೆ,

ಎರಡೂ ಪತ್ರ ತಲುಪಿವೆ. ಮೊದಲನೆಯದು ಸೆಪ್ಟೆಂಬರ್ ಎಂಟಕ್ಕೇ ಬಂತು. ಓದಿ, ಮಡಚಿ, ಡ್ಯೂಟಿಗೆ ಹೋದೆ. ಅವತ್ತು ಏಳು ಮೆಷಿನ್ ಸರಿ ಮಾಡಿದೆ. ನನ್ನ ಜೊತೆ ರೂಮಿನಲ್ಲಿರುವ ಕಾಂಚನಾ, “ಊರಿಂದ ಏನಂತೆ?” ಅಂತ ಕೇಳಿದಳು. “ಗಾಡಿ ಮಾರ್ತಾರಂತೆ,” ಅಂದೆ.

ಸಿಟ್ಟು ಬರುತ್ತದೆ ಅಂತ ಕಾದೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಬಂದ ಮೇಲೆ ಬರೆಯೋಣ ಅಂತಿದ್ದೆ. ಬರಲಿಲ್ಲ. ಅಳುವೂ ಬರಲಿಲ್ಲ. ಊಟ ಮಾಡುತ್ತಿದ್ದೇನೆ, ನಿದ್ದೆ ಬರುತ್ತದೆ. ಹಲ್ಲು ಕೀಳುವಾಗ ಸೂಜಿ ಹಾಕುತ್ತಾರಲ್ಲ, ಆಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆಯವರದು ಅನ್ನಿಸುತ್ತದೆ. ಹಾಗಿದೆ.

ಒಂದು ಮಾತ್ರ ಗೊತ್ತಾಯಿತು. ಈ ಆರು ವರ್ಷ ನಾನು ನನ್ನ ಬಲಗಾಲನ್ನು ನಂಬಿಲ್ಲ. ರಸ್ತೆ ದಾಟುವಾಗ ಎಡಗಾಲನ್ನೇ ಮುಂದಿಡುತ್ತೇನೆ. ಸ್ಕೂಟಿ ಕಲಿ ಅಂತ ಎಲ್ಲರೂ ಹೇಳಿದರು, ಮುಟ್ಟಲಿಲ್ಲ. ಬಸ್ಸಿನಲ್ಲಿ ಡ್ರೈವರು ಬ್ರೇಕ್ ಹಾಕಿದಾಗಲೆಲ್ಲ ನನ್ನ ಕಾಲು ತಾನೇ ನೆಲವನ್ನು ಒತ್ತುತ್ತದೆ, ಪಕ್ಕದವರು ನೋಡುತ್ತಾರೆ. ನಾನು ಸರಿಯಾಗಿಯೇ ತುಳಿದಿದ್ದೆ ಅಂತ ಈಗ ನೀವು ಬರೆದಿದ್ದೀರಿ. ಅದನ್ನು ಕಾಲಿಗೆ ಹೇಗೆ ಹೇಳುವುದು ಅಂತ ನನಗೆ ತಿಳಿಯುತ್ತಿಲ್ಲ.

ನಿಮ್ಮನ್ನು ಜೈಲಿಗೆ ಕಳಿಸಿ ನಾನು ಏನು ಮಾಡಲಿ. ಅದರ ಯೋಚನೆ ಬೇಡ.

ಫಾರಂ ಮತ್ತೆ ತರಿಸಿಕೊಂಡು ಸಹಿ ಮಾಡಿದ್ದೇನೆ, ಇದರ ಜೊತೆ ಇವೆ. ಶರತ್ತೇನೂ ಇಲ್ಲ. ಅವರು ಕೇಳದೆಯೇ ನೀವು ಅವರಿಗೆ ಓದಿ ಹೇಳಿದಿರಿ, ಅದು ಸಾಕು. ಪಟ್ಟಿಯಲ್ಲಿ ಬ್ರೇಕಿನ ಮುಂದೆ ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಡಿ.

ಒಂದು ಕೇಳಿಕೊಳ್ಳುತ್ತೇನೆ. ಅವ್ವನಿಗೆ ಹೇಳಿ. ನನಗೆ ಬರೆದ ಹಾಗೆ ಬರೆದಲ್ಲ, ಎದುರಿಗೆ ಕೂತು. ನಾನು ಹೇಳಬಹುದು. ಆದರೆ ನಾನು ಹೇಳಿದರೆ ನನ್ನನ್ನು ಉಳಿಸಿಕೊಳ್ಳಲು ಹೇಳಿದ ಹಾಗಿರುತ್ತದೆ, ಅವಳು ನಂಬುವುದಿಲ್ಲ, ನಂಬಿದರೂ ಅದು ನನ್ನ ಮಾತೇ ಆಗಿರುತ್ತದೆ. ನಿಮ್ಮ ಬಾಯಿಂದ ಬರಬೇಕು. ಹೇಳದಿದ್ದರೂ ನಾನು ಮತ್ತೆ ಕೇಳುವುದಿಲ್ಲ.

ಸ್ವಪ್ನ


ಚಳ್ಳಕೆರೆ
3 ನವೆಂಬರ್ 2025

ಸ್ವಪ್ನಾ,

ನಾನು ಕಮಲಾಕ್ಷಮ್ಮ, ಪಕ್ಕದ ಮನೆಯ ಟೀಚರ್. ನಿನ್ನ ಅವ್ವ ಹೇಳುತ್ತಾರೆ, ನಾನು ಬರೆಯುತ್ತೇನೆ. ‘ತಿದ್ದಬ್ಯಾಡ್ರಿ, ನಾ ಅಂದಂಗೇ ಬರೀರಿ’ ಅಂದಿದ್ದಾರೆ. ಹಾಗೆಯೇ ಬರೆದಿದ್ದೇನೆ.

ಮಗಾ, ನಾನು ನಿಮ್ಮವ್ವ ಕ್ಯಾತಮ್ಮ.

ಗಾಡಿ ಹೋತು. ಶುಕ್ರವಾರ ಲಾರಿ ತಂದು ಹತ್ತಿಸ್ಕಂಡು ಹೋದ್ರು. ಅವ್ರು ಹೋದ ಮ್ಯಾಲೆ ಶೆಡ್ಡಿಗೆ ಹೋಗಿ ನೋಡ್ದೆ. ಏನೂ ಇಲ್ಲ, ನೆಲ ಐತೆ. ಅಲ್ಲಿ ಏನೋ ಆಗ್ತೈತೆ ನಂಗೆ ಅಂದ್ಕಂಡಿದ್ದೆ, ಏನೂ ಆಗ್ಲಿಲ್ಲ. ಬಟ್ಟೆ ತಗಂಡು ಒಳಗೆ ಬಂದೆ.

ಅದಕ್ಕೂ ಹತ್ತು ದಿನ ಮೊದ್ಲು ನಿಮ್ಮಪ್ಪ ಹೇಳ್ದ. ಮಧ್ಯಾಹ್ನ, ಶೇಂಗಾ ಸುಲೀತಿದ್ದೆ. ಬಂದು ಎದ್ರಿಗೆ ನೆಲದ ಮ್ಯಾಲೆ ಕುಕ್ಕಂಡ. ಮಂಡಿ ನೋವು ಅಂತ ಯಾವತ್ತೂ ನೆಲದ ಮ್ಯಾಲೆ ಕುಕ್ಕಳ್ಳಾನಲ್ಲ. ಬ್ರೇಕಿಂದು, ಕೀದು, ಪೊಲೀಸ್‌ನೋರ ಮುಂದೆ ಸುಮ್ನಿದ್ದಿದ್ದು, ಕೋರ್ಟಿನ ಹೊರಗೆ ನಿಂತಿದ್ದು, ಎಲ್ಲ ಹೇಳ್ದ. ನಡುವೆ ಎಲ್ಲೂ ನಿಲ್ಲಿಸ್ಲಿಲ್ಲ. ನಾನು ಸುಲೀತಾನೇ ಇದ್ದೆ. ಮೊರ ತುಂಬ್ತು, ಇನ್ನೊಂದು ಮೊರ ತಗಂಡೆ. ಹೇಳಿ ಮುಗಿಸಿ ಏಳಾಕೆ ಹೋದ, ಏಳಾಕಾಗ್ಲಿಲ್ಲ. ಕೈ ಕೊಟ್ಟು ಎಬ್ಬಿಸ್ದೆ. ಬ್ಯಾರೆ ಯಾರಿದ್ರು ಎಬ್ಬಿಸಾಕೆ.

ನಿಮ್ಮಪ್ಪನ ಜತೆ ಮಾತು ಬಿಟ್ಟಿಲ್ಲ. ರೊಟ್ಟಿ ಹಾಕ್ತೀನಿ, ಉಣ್ತಾನೆ. ಟೀಚರಮ್ಮ ಕೇಳಿದ್ರು, ‘ಸಿಟ್ಟು ಬರ್ಲಿಲ್ವೇನ್ರಿ ಕ್ಯಾತಮ್ಮ’ ಅಂತ. ಆರು ವರ್ಷ ಹೆತ್ತ ಮಗಳ ಮ್ಯಾಲೆ ಮುನಿಸು ಹೊತ್ಕಂಡಿದ್ದೆ. ಅದನ್ನ ಇಳಿಸಿ ಇನ್ನೊಬ್ರ ಮ್ಯಾಲೆ ಎತ್ತಿಡೋ ಶಕ್ತಿ ನನ್ನ ತೋಳಿನಾಗಿಲ್ಲ. ಮುಂದೆ ಬಂದ್ರೆ ಬರ್ಲಿ, ಆಗ ನೋಡಾಣ.

ಆ ಹೊಸೂರಿನೋರಿಗೆ ಕೊಟ್ಟ ಪಟ್ಟೀನ ಟೀಚರಮ್ಮ ನಂಗೆ ಓದಿ ಹೇಳಿದ್ರು. ಕೊನೇಲಿ ನಿಮ್ಮಪ್ಪ ತನ್ನ ಕೈಯಾರೆ ಬರ್ದು ಸಹಿ ಮಾಡವ್ನೆ. ‘ಆಗಿನ ಬ್ರೇಕ್ ಒರಿಜಿನಲ್ ಅಲ್ಲ, ನಾನು ಹಾಕಿದ್ದು, ಅದರಿಂದ ನನ್ನ ಮಗ ಸತ್ತ, ಓಡಿಸಿದವಳ ತಪ್ಪಿಲ್ಲ’ ಅಂತ. ಆವಯ್ಯ ಅದನ್ನ ಓದಿಸ್ಕಂಡು, ಮಡಚಿ, ಜೇಬಿಗಿಟ್ಕಂಡು ಹೋದ.

ಈಗ ನಂದು ಹೇಳ್ತೀನಿ ಕೇಳು. ಲೋಹಿತನ್ನ ಆಸ್ಪತ್ರೆ ಜಗಲಿ ಮ್ಯಾಲೆ ಮಲಗಿಸಿದ್ರಲ್ಲ, ಆಗ ನೀನು ಬಂದು ನನ್ನ ಪಕ್ಕ ನಿಂತೆ. ನಿನ್ನ ಮೈಯೆಲ್ಲ ನೋಡ್ದೆ ನಾನು. ‘ನಿಂಗೊಂದು ಗಾಯಾನೂ ಆಗ್ಲಿಲ್ವಲ್ಲ’ ಅಂದೆ. ಅಷ್ಟು ಜನದ ಮುಂದೆ ಅಂದೆ. ಆಮೇಲೆ ನಿನ್ನ ಜತೆ ಮಾತೇ ಆಡ್ಲಿಲ್ಲ. ಬ್ರೇಕು ಕೆಟ್ಟಿದ್ದು ನಿಮ್ಮಪ್ಪಂದು. ಆ ಮಾತು ಮಾತ್ರ ನಂದೇ, ಯಾರೂ ಹೇಳ್ಕೊಟ್ಟಿದ್ದಲ್ಲ. ನಿನ್ನ ತಪ್ಪೇ ಇದ್ದಿದ್ರೂ ಆ ಮಾತು ನಾನು ಆಡಬಾರ್ದಿತ್ತು. ಅದನ್ನ ವಾಪಸ್ ತಗಳಾಕೆ ಬರಲ್ಲ. ನೀನು ಮರೀಬೇಕು ಅಂತಾನೂ ನಾನು ಕೇಳಲ್ಲ.

ಹದಿಮೂರನೇ ತಾರೀಖು ಗುರುವಾರ ಬೆಳಿಗ್ಗೆ ಬಳ್ಳಾರಿ ಬಸ್ಸಿಗೆ ಬರ್ತೀನಿ. ಒಬ್ಳೇ ಬರ್ತೀನಿ. ಆಧಾರ್ ಕಾರ್ಡು ತೋರ್ಸಿದ್ರೆ ಸಾಕಂತೆ ಹೆಂಗಸ್ರಿಗೆ. ನೀನು ಇಲ್ಲಿಗೆ ಬರಬ್ಯಾಡ, ಆ ರಸ್ತೆಗೆ ನಿನ್ನ ಕರೀಬಾರ್ದು ನಾನು. ನಾನೇ ಬರ್ತೀನಿ. ಬಂದು ಏನು ಮಾತಾಡ್ತೀನೋ ಗೊತ್ತಿಲ್ಲ. ಮಾತಾಡ್ದಿದ್ರೂ ಬೇಜಾರು ಮಾಡ್ಕಬ್ಯಾಡ.

ರಜಾ ಕೇಳಾಕೆ ಹೋಗಬ್ಯಾಡ. ನಿನ್ನ ಫ್ಯಾಕ್ಟ್ರಿ ಯಾವ್ದು ಅಂತ ಒಂದು ಚೀಟೀಲಿ ಬರ್ದು ಹಾಕು, ಆಟೋದೋನಿಗೆ ತೋರ್ಸ್ತೀನಿ. ನೀನು ಕೆಲ್ಸ ಬಿಟ್ಟು ಆಚೆ ಬರೋ ತನಕ ಬಾಗ್ಲಲ್ಲಿ ಕುಕ್ಕಂಡಿರ್ತೀನಿ. ಆರು ವರ್ಷ ಕುಂತೋಳಿಗೆ ಸಂಜೆ ತನಕ ಕೂರೋದು ದೊಡ್ಡದಲ್ಲ.

ನಿಮ್ಮವ್ವ
ಕ್ಯಾತಮ್ಮ
(ಎಡಗೈ ಹೆಬ್ಬೆಟ್ಟು)